ಸರತಿಯ ಸಾಲಿನಲ್ಲಿ ದೇಹಧರ್ಮ

ಡಿಸೆಂಬರ್ ತಿಂಗಳು ಕಾಲಿರಿಸಿತೆಂದರೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ಸದ್ಭಕ್ತರ ಮಾತಿನಲ್ಲಿ ಒಂದು ಪ್ರಶ್ನೆ ತಪ್ಪದೆ ನುಸುಳುತ್ತದೆ. ನಾಡಿ ತೋರಿಸಿ, ಔಷಧಿಯ ಚೀಟಿ ಪಡೆದು, ಎದ್ದು ನಿಂತ ಮೇಲೆ ಬಾಗಿಲ ಬಳಿ ಕೇಳುವ ಪ್ರಶ್ನೆ ಅದು. “ಮಗ ಬೆಂಗಳೂರಿಗೆ ಕರೆಯುತ್ತಿದ್ದಾನೆ. ಕ್ರಿಸ್‌ಮಸ್ ರಜೆಯಲ್ಲಿ ಮೊಮ್ಮಕ್ಕಳ ಜೊತೆ ವಂಡರ್‌ಲಾಕ್ಕೆ ಹೋಗೋಣ ಅನ್ನುತ್ತಾನೆ. ನಾವೂ ಹೋಗಬಹುದೇ?” ಮೊಣಕಾಲು ನೋವಿನ ವಿಚಾರವಾಗಿ ಅರ್ಧ ಗಂಟೆ ಮಾತನಾಡಿದವರು ಈ ಪ್ರಶ್ನೆಯನ್ನು ಮಾತ್ರ ಅರ್ಧ ನಿಮಿಷದಲ್ಲಿ ಮುಗಿಸಲು ನೋಡುತ್ತಾರೆ. ಅವರಿಗೆ ಬೇಕಾದ ಉತ್ತರ ಯಾವುದೆಂಬುದೂ ಮುಖ ನೋಡಿದರೆ ತಿಳಿಯುತ್ತದೆ. ಕೆಲವರಿಗೆ ‘ಹೋಗಿ’ ಎನಿಸಿಕೊಳ್ಳಬೇಕು. ಹೆಚ್ಚಿನವರಿಗೆ ‘ವೈದ್ಯರು ಬೇಡವೆಂದರು’ ಎಂದು ಹೇಳಲು ಒಂದು ನೆಪ ಬೇಕು.

ಈ ಪ್ರಶ್ನೆಯನ್ನು ಇಲ್ಲಿ ತುಸು ವಿಸ್ತಾರವಾಗಿಯೇ ಎತ್ತಿಕೊಳ್ಳುವುದು ಯುಕ್ತವೆಂದು ತೋರಿದೆ. ನಮ್ಮ ಹಳ್ಳಿಗಳ ಶಾಲೆಗಳಿಗೆ ದೀರ್ಘ ರಜೆ ದೊರೆಯುವುದು ದಸರೆಯಲ್ಲಿ. ಆದರೆ ಬೆಂಗಳೂರಿನ ಅನೇಕ ಖಾಸಗಿ ಶಾಲೆಗಳು, ಕೇಂದ್ರೀಯ ಪಠ್ಯಕ್ರಮದ ಶಾಲೆಗಳು ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಬಾಗಿಲು ಹಾಕುತ್ತವೆ. ಕಂಪನಿಗಳಲ್ಲಿ ದುಡಿಯುವ ತಂದೆತಾಯಿಗಳೂ ಉಳಿದ ರಜೆಯನ್ನು ಅದೇ ವಾರದಲ್ಲಿ ತೀರಿಸುತ್ತಾರೆ. ಇವರೊಡನೆ ಡಿಸೆಂಬರ್ ತಿಂಗಳ ಶಾಲಾ ಪ್ರವಾಸಗಳ ಬಸ್ಸುಗಳೂ ಸೇರಿಕೊಳ್ಳುತ್ತವೆ. ಹೀಗಾಗಿ ಎಲ್ಲರಿಗೂ ಬಿಡುವಾಗುವುದು ಒಂದೇ ವಾರ, ಎಲ್ಲರೂ ಹೊರಡುವುದು ಒಂದೇ ದಾರಿ. ಮೈಸೂರು ರಸ್ತೆಯಲ್ಲಿ ಬಿಡದಿಯ ಹತ್ತಿರ 2005ರಲ್ಲಿ ಆರಂಭಗೊಂಡ ವಂಡರ್‌ಲಾ 80 ಎಕರೆಗೂ ಮಿಕ್ಕಿದ ವಿಸ್ತಾರವುಳ್ಳದ್ದು. ನೆಲದ ಮೇಲಿನ ಆಟಗಳೂ ನೀರಿನ ಆಟಗಳೂ ಅಲ್ಲಿವೆ. ಸಾಮಾನ್ಯ ದಿನಗಳಲ್ಲಿ ಅದು ಮಕ್ಕಳಿಗೆ ಸಂತೋಷ ಕೊಡುವ ತಾಣವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ನಮ್ಮ ವಿಚಾರವಿರುವುದು ಆ ಒಂದು ವಾರದ ಜನಜಂಗುಳಿಯ ಬಗ್ಗೆ.

ಒಂದು ಸರಳ ಲೆಕ್ಕ ಹಾಕಿ ನೋಡೋಣ. ಕುಟುಂಬವೊಂದು ಬೆಳಗಿನ ಹತ್ತೂವರೆಗೆ ಒಳಹೊಕ್ಕು ಸಂಜೆ ಆರಕ್ಕೆ ಹೊರಬರುತ್ತದೆ ಎಂದಿಟ್ಟುಕೊಳ್ಳಿ. ಒಂದು ಆಟ ನಡೆಯುವುದು ಎರಡು ಮೂರು ನಿಮಿಷ. ಜನ ತುಂಬಿದ ದಿನ ಒಂದೊಂದು ಆಟಕ್ಕೂ ಮುಕ್ಕಾಲು ಗಂಟೆ ಕಾಯಬೇಕಾಗಿ ಬಂದರೆ, ಆರು ಆಟಗಳಿಗೆ ನಾಲ್ಕೂವರೆ ಗಂಟೆ ನಿಂತಂತಾಯಿತು. ಆಡಿದ್ದು ಹದಿನೆಂಟು ನಿಮಿಷ. ಜನ ನಮ್ಮನ್ನು ಕೇಳುವುದು ಆ ಹದಿನೆಂಟು ನಿಮಿಷಗಳ ಬಗ್ಗೆಯೇ. ಅಷ್ಟು ಎತ್ತರದಿಂದ ಬಿದ್ದರೆ ಹೃದಯಕ್ಕೆ ಏನಾದೀತು, ತಿರುಗುವ ಚಕ್ರದಲ್ಲಿ ಕುಳಿತರೆ ತಲೆ ಸುತ್ತೀತೆ ಎಂದು ವಿಚಾರಿಸುತ್ತಾರೆ. ಅದಕ್ಕೆ ಉತ್ತರ ಸುಲಭ. ರಕ್ತದೊತ್ತಡ, ಹೃದ್ರೋಗ, ಬೆನ್ನುಹುರಿಯ ತೊಂದರೆ, ಅಪಸ್ಮಾರ ಉಳ್ಳವರು, ಗರ್ಭಿಣಿಯರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ವೇಗದ ಆಟಗಳನ್ನು ಏರಲೇಬಾರದು. ಇಂಥ ಎಚ್ಚರಿಕೆಯನ್ನು ಉದ್ಯಾನದವರೇ ಫಲಕಗಳಲ್ಲಿ ಬರೆದು ನಿಲ್ಲಿಸಿರುತ್ತಾರೆ, ಓದಿದರೆ ಸಾಕು. ಉಳಿದ ನಾಲ್ಕೂವರೆ ಗಂಟೆಗಳಿಗೆ ಮಾತ್ರ ಯಾವ ಫಲಕವೂ ಇರುವುದಿಲ್ಲ. ನಮ್ಮ ಅನುಭವದಲ್ಲಿ ದೇಹ ಕೆಡುವುದು ಬಹುಮಟ್ಟಿಗೆ ಆ ಗಂಟೆಗಳಲ್ಲಿ.

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯಕ್ಕೆ ‘ನವೇಗಾನ್ಧಾರಣೀಯ’ ಎಂದು ಹೆಸರು. ದೇಹದಲ್ಲಿ ತಾನಾಗಿ ಹುಟ್ಟುವ ವೇಗಗಳನ್ನು ತಡೆಯಬಾರದೆಂಬುದೇ ಅದರ ವಿಷಯ. ಮೂತ್ರ, ಮಲ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ, ಶ್ರಮದಿಂದ ಬಂದ ಏದುಸಿರು ಮೊದಲಾಗಿ ಹದಿಮೂರು ವೇಗಗಳನ್ನು ಆಚಾರ್ಯರು ಅಲ್ಲಿ ಎಣಿಸಿ, ಒಂದೊಂದನ್ನು ತಡೆದಾಗ ಹುಟ್ಟುವ ವ್ಯಾಧಿಗಳನ್ನೂ ವಿವರಿಸುತ್ತಾರೆ. ಮೂತ್ರವನ್ನು ತಡೆದರೆ ಕಿಬ್ಬೊಟ್ಟೆಯ ನೋವು, ಉರಿಮೂತ್ರ, ತಲೆನೋವು. ಹಸಿವನ್ನು ತಡೆದರೆ ನಿಶ್ಶಕ್ತಿ, ಮೈಕೈ ನೋವು, ತಲೆಸುತ್ತು. ಬಾಯಾರಿಕೆಯನ್ನು ತಡೆದರೆ ಗಂಟಲೊಣಗಿ ಬಳಲಿಕೆ, ಎದೆಯಲ್ಲಿ ಸಂಕಟ. ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ರಜೆಯ ದಿನದ ಸರತಿಯ ಸಾಲನ್ನು ಒಮ್ಮೆ ನೋಡಿ. ಮುಂದೆ ಇನ್ನೂರು ಜನ, ಹಿಂದೆ ಇನ್ನೂರು ಜನ. ಎರಡೂ ಪಕ್ಕಕ್ಕೆ ಕಬ್ಬಿಣದ ಕಂಬಿ. ಹೊರಗೆ ಬಂದರೆ ಸರದಿ ತಪ್ಪಿತು. ಆಗ ತಡೆಯದೆ ಉಳಿಯುವ ವೇಗ ಯಾವುದು?

ಎಲ್ಲಕ್ಕಿಂತ ಹೆಚ್ಚು ತಡೆಯುವವರು ಹೆಣ್ಣುಮಕ್ಕಳು. ಶೌಚಾಲಯದ ಮುಂದೆಯೂ ಸಾಲಿರುತ್ತದೆಂದು ಅವರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ. ಬಾಯಾರಿಕೆ ಮತ್ತು ಮೂತ್ರ, ಎರಡು ವೇಗಗಳನ್ನು ಒಟ್ಟಿಗೆ ಕಟ್ಟಿಹಾಕಿದಂತಾಯಿತು. ಜನವರಿಯ ಮೊದಲ ವಾರದಲ್ಲಿ ಉರಿಮೂತ್ರವೆಂದು ನಮ್ಮಲ್ಲಿಗೆ ಬರುವ ಸೊಸೆಯಂದಿರನ್ನೂ ಹೈಸ್ಕೂಲಿನ ಹುಡುಗಿಯರನ್ನೂ ‘ಕಳೆದ ವಾರ ಎಲ್ಲಿಗೆ ಪ್ರಯಾಣ ಮಾಡಿದ್ದಿರಿ’ ಎಂದು ಕೇಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಮೂತ್ರಾಶ್ಮರಿಯ ಪ್ರವೃತ್ತಿ ಉಳ್ಳವರಿಗಂತೂ ನೀರಿಲ್ಲದ ಒಂದು ದಿನ ಸಣ್ಣ ಮಾತಲ್ಲ.

ಹಿರಿಯ ಪುರುಷರ ಪಾಡು ಇನ್ನೂ ಗಂಭೀರ. ಅರವತ್ತು ದಾಟಿದ ಅನೇಕರಲ್ಲಿ ಪೌರುಷಗ್ರಂಥಿ ದೊಡ್ಡದಾಗಿರುತ್ತದೆ. ಅಂಥವರು ಮೂತ್ರವನ್ನು ಬಹಳ ಹೊತ್ತು ತಡೆದರೆ ಮೂತ್ರಾಶಯ ಹಿಗ್ಗಿ, ಆಮೇಲೆ ಎಷ್ಟು ಮುಕ್ಕರಿದರೂ ಹನಿಯೂ ಇಳಿಯದ ಸ್ಥಿತಿ ಬರಬಹುದು. ಶೀತ ನೆಗಡಿಗೆಂದು ಅಂಗಡಿಯಲ್ಲಿ ಕೊಂಡು ನುಂಗುವ ಕೆಲವು ಮಾತ್ರೆಗಳು ಇದನ್ನು ಮತ್ತಷ್ಟು ಹೆಚ್ಚಿಸುತ್ತವೆ. ನಮಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರು ಮೊಮ್ಮಗನ ಆಟ ನೋಡುತ್ತ ಮಧ್ಯಾಹ್ನವೆಲ್ಲ ಹೀಗೆ ತಡೆದುಕೊಂಡಿದ್ದರು. ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಅವರಿಗೆ ನಳಿಕೆ ಹಾಕಬೇಕಾಯಿತು. ‘ಹೇಳಬಾರದಿತ್ತೇ’ ಎಂದು ಮಗ ಮರುಗಿದಾಗ ಅವರು ಕೊಟ್ಟ ಉತ್ತರ ಇದು: “ಸಾಲು ಅರ್ಧ ದಾಟಿತ್ತು. ನನ್ನಿಂದ ಹುಡುಗನ ಆಟ ತಪ್ಪಬಾರದು ಅನ್ನಿಸಿತು.”

ಈ ಉತ್ತರವೇ ನಮ್ಮನ್ನು ಹೆಚ್ಚು ಕಾಡಿದ್ದು. ಮನೆಯ ಹಿರಿಯರನ್ನು ‘ನೀವೂ ಬನ್ನಿ’ ಎಂದು ಕರೆಯುವ ಮಕ್ಕಳಲ್ಲಿ ಕಪಟವಿರುವುದಿಲ್ಲ. ಬಿಟ್ಟು ಹೋದರೆ ನೊಂದುಕೊಂಡಾರು ಎಂಬ ಕಳಕಳಿ ಅವರದು. ಹಿರಿಯರಿಗೂ ಮನಸ್ಸಿನೊಳಗೆ ಬೇಡವೆಂದಿರುತ್ತದೆ, ಆದರೆ ‘ಒಲ್ಲೆ’ ಎಂದರೆ ಮಕ್ಕಳ ಉತ್ಸಾಹಕ್ಕೆ ತಣ್ಣೀರೆರಚಿದಂತಾದೀತೆಂದು ಅವರು ಒಪ್ಪಿಕೊಳ್ಳುತ್ತಾರೆ. ಹೀಗೆ ಇಬ್ಬರೂ ಪರಸ್ಪರ ಪ್ರೀತಿಗಾಗಿಯೇ ಯಾರಿಗೂ ಬೇಡದ ನಿರ್ಧಾರವೊಂದಕ್ಕೆ ಬರುತ್ತಾರೆ. ಆಮೇಲೆ ಇಡೀ ದಿನ ಚೀಲಗಳನ್ನು ಕಾಯುತ್ತ ಕಲ್ಲುಬೆಂಚಿನ ಮೇಲೆ ಕುಳಿತಿರುವವರು ಯಾರು? ಆ ಅಜ್ಜ ಅಜ್ಜಿಯರೇ. ಚೀಲ ಬಿಟ್ಟು ಏಳುವಂತಿಲ್ಲವಾದ್ದರಿಂದ ಅವರು ಶೌಚಕ್ಕೂ ಹೋಗುವುದಿಲ್ಲ, ನೀರಿಗೂ ಹೋಗುವುದಿಲ್ಲ. ಕೊರಳಲ್ಲಿ ಇಷ್ಟಲಿಂಗವಿರುವುದರಿಂದ ನೀರಾಟದ ಗೊಡವೆಯೂ ಅವರಿಗೆ ಬೇಕಿಲ್ಲ. ಮಕ್ಕಳ ಸಂತೋಷ ಕಾಣಲೆಂದು ಬಂದವರಿಗೆ ಮಕ್ಕಳ ಮುಖ ಕಾಣುವುದು ಊಟದ ಹೊತ್ತಿನಲ್ಲಿ ಮಾತ್ರ. ಬೇಡವೆನ್ನುವ ಹಕ್ಕು ಹಿರಿಯರಿಗಿದೆ. ಅದನ್ನು ಅವರು ಬಾಯಿಬಿಟ್ಟು ಬಳಸಬೇಕು. ಅವರ ಬಾಯಿಂದ ಆ ಮಾತು ಹೊರಡುವಂತೆ ಕೇಳುವ ಹೊಣೆ ಮಕ್ಕಳದು. ‘ಬರುತ್ತೀರಲ್ಲವೇ’ ಎಂದು ಕೇಳುವುದಕ್ಕೂ ‘ಮನೆಯಲ್ಲಿರುತ್ತೀರೋ, ಬರುತ್ತೀರೋ, ಯಾವುದು ಹಿತ’ ಎಂದು ಕೇಳುವುದಕ್ಕೂ ಬಹಳ ಅಂತರವಿದೆ.

ಇನ್ನು ಋತುವಿನ ವಿಚಾರ. ಕ್ರಿಸ್‌ಮಸ್ ವಾರ ಬರುವುದು ಮಾರ್ಗಶಿರ ಪುಷ್ಯಗಳ ಹೇಮಂತದಲ್ಲಿ. ಹೊರಗಿನ ಚಳಿಯಿಂದಾಗಿ ಈ ಕಾಲದಲ್ಲಿ ಜಠರಾಗ್ನಿ ಒಳಗೆ ಪ್ರಬಲವಾಗಿರುತ್ತದೆ. ತಕ್ಕ ಆಹಾರವೆಂಬ ಇಂಧನ ಸಿಗದಿದ್ದರೆ ಅದು ದೇಹದ ರಸಧಾತುವನ್ನೇ ಸುಡತೊಡಗುತ್ತದೆ, ವಾತ ಕೆರಳುತ್ತದೆ ಎಂಬುದು ಋತುಚರ್ಯೆಯ ಉಪದೇಶ. ಬೇಸಿಗೆಯಲ್ಲಿ ಒಂದು ಹೊತ್ತು ತಪ್ಪಿದರೆ ನಡೆದೀತು, ಹೇಮಂತದಲ್ಲಿ ತಪ್ಪಬಾರದು. ಉದ್ಯಾನಗಳಲ್ಲಿ ಹೊರಗಿನ ಊಟಕ್ಕೆ ಪ್ರವೇಶವಿಲ್ಲದಿರುವುದೇ ಹೆಚ್ಚು. ಒಳಗಿನ ಊಟದ ಮನೆಯಲ್ಲೂ ಸಾಲು. ಹನ್ನೆರಡೂವರೆಯ ಊಟ ಮೂರು ಗಂಟೆಗೆ ಜಾರುತ್ತದೆ, ಅಷ್ಟರಲ್ಲಿ ಮಕ್ಕಳ ಹೊಟ್ಟೆಗೆ ಬಿದ್ದಿರುವುದು ಹುರಿದ ಆಲೂಗಡ್ಡೆ, ತಣ್ಣನೆಯ ಪಾನೀಯ. ಮಧುಮೇಹಕ್ಕೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡವರಿಗೆ ಈ ಎರಡೂವರೆ ಗಂಟೆಯ ವಿಳಂಬ ಅಪಾಯಕಾರಿ. ಕೈ ನಡುಗಿ, ಬೆವರು ಕಿತ್ತು, ಕಣ್ಣು ಮಂಜಾದರೆ ಅದು ಆಯಾಸವೆಂದು ಕುಳಿತುಕೊಳ್ಳಬಾರದು. ತಕ್ಷಣ ಸಕ್ಕರೆ ಬಾಯಿಗೆ ಬೀಳಬೇಕು. ಬಿಡದಿಯೆಂದರೆ ತಟ್ಟೆ ಇಡ್ಲಿಗೆ ಹೆಸರಾದ ಊರು. ಒಳಹೋಗುವ ಮುನ್ನ ಅಲ್ಲಿ ಕುಳಿತು ಬಿಸಿಬಿಸಿಯಾಗಿ ಹೊಟ್ಟೆ ತುಂಬ ತಿಂದು ಹೋಗುವವರನ್ನು ನಾವು ಜಾಣರೆಂದೇ ಕರೆಯುತ್ತೇವೆ.

ನೀರಿನ ಆಟಗಳ ಬಗ್ಗೆ ಒಂದೆರಡು ಮಾತು. ಡಿಸೆಂಬರಿನ ಬೆಂಗಳೂರಿನಲ್ಲಿ ನಡುಹಗಲು 27 ಡಿಗ್ರಿಯ ಹತ್ತಿರವಿದ್ದರೂ ರಾತ್ರಿಗೆ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಸಂಜೆ ನಾಲ್ಕರ ಮೇಲೆ ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಲ್ಲುವುದು ಉಬ್ಬಸದ ಪ್ರವೃತ್ತಿಯ ಮಕ್ಕಳಿಗೆ ಒಗ್ಗುವುದಿಲ್ಲ. ನೀರಾಟವನ್ನು ಮೂರು ಗಂಟೆಯೊಳಗೆ ಮುಗಿಸಿ, ತಲೆ ಒರೆಸಿ, ಒಣಬಟ್ಟೆ ತೊಡಿಸಬೇಕು. ಕೊಳದ ನೀರಿಗೆ ಕ್ಲೋರಿನ್ ಹಾಕಿರುತ್ತಾರಾದರೂ ಅದಕ್ಕೂ ಮಣಿಯದೆ ಬಹಳ ಹೊತ್ತು ಉಳಿಯುವ ಅತಿಸಾರದ ಕ್ರಿಮಿಗಳುಂಟು. ಆದ್ದರಿಂದ ನೀರನ್ನು ನುಂಗಬಾರದೆಂದು ಮಕ್ಕಳಿಗೆ ಹೇಳಿಕೊಡಬೇಕು. ಭೇದಿಯಾಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸುವುದಂತೂ ನೂರಾರು ಮಂದಿಗೆ ಮಾಡುವ ಅನ್ಯಾಯ.

ಜನಸಂದಣಿಯಿಂದ ಹರಡುವ ರೋಗದ ವಿಚಾರ ಇದಕ್ಕಿಂತ ದೊಡ್ಡದು. 2014ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನಗಳ ಮುಂಚೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಆನಹೈಮ್ ಪಟ್ಟಣದಲ್ಲಿರುವ ಡಿಸ್ನಿಲ್ಯಾಂಡಿಗೆ ಹೋದವರಲ್ಲಿ ಕೆಲವರಿಗೆ ದಡಾರ ಅಂಟಿತು. ಅವರು ತಮ್ಮ ತಮ್ಮ ಊರುಗಳಿಗೆ ಮರಳಿದರು, ಅಲ್ಲಿ ಮತ್ತಷ್ಟು ಮಂದಿಗೆ ಹಬ್ಬಿತು. ಕೆಲವೇ ವಾರಗಳಲ್ಲಿ ಈ ಸರಣಿಗೆ ಸೇರಿದವರ ಸಂಖ್ಯೆ ನೂರನ್ನು ದಾಟಿತು. ರೋಗಕ್ಕೀಡಾದವರಲ್ಲಿ ಬಹಳ ಮಂದಿ ಲಸಿಕೆ ಪಡೆಯದವರು. ಲಸಿಕೆಯ ವಯಸ್ಸು ಇನ್ನೂ ಬಾರದ ಹಸುಗೂಸುಗಳೂ ಇದ್ದವು. ರೋಗಿ ಜಾಗ ಬಿಟ್ಟು ಹೋದ ಮೇಲೂ ಸುಮಾರು ಎರಡು ಗಂಟೆಗಳ ಕಾಲ ದಡಾರದ ವಿಷಾಣು ಗಾಳಿಯಲ್ಲಿ ಉಳಿಯಬಲ್ಲದು. ನಮ್ಮ ದೇಶದಲ್ಲಿ ದಡಾರದ ಮೊದಲ ಲಸಿಕೆ ದೊರೆಯುವುದು ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ. ಅಂದರೆ ಒಂಬತ್ತು ತಿಂಗಳೊಳಗಿನ ಕೂಸಿಗೆ ಇಂಥ ಜಂಗುಳಿಯಲ್ಲಿ ರಕ್ಷಣೆ ಬಹಳ ಕಡಿಮೆ. ಆಯುರ್ವೇದ ವೈದ್ಯರಾಗಿ ನಾವು ಲಸಿಕೆಯ ಪರ ಮಾತನಾಡುವುದನ್ನು ಕಂಡು ಕೆಲವರು ಹುಬ್ಬೇರಿಸುವುದುಂಟು. ಗಾಳಿ, ನೀರು, ದೇಶ, ಕಾಲಗಳು ಕೆಟ್ಟಾಗ ಬೇರೆ ಬೇರೆ ಪ್ರಕೃತಿಯ ಜನರೂ ಒಟ್ಟಿಗೆ ರೋಗಕ್ಕೆ ತುತ್ತಾಗುತ್ತಾರೆಂದು ಚರಕರೇ ‘ಜನಪದೋದ್ಧ್ವಂಸ’ದ ಪ್ರಕರಣದಲ್ಲಿ ಹೇಳಿದ್ದಾರಲ್ಲ! ಅಂಥಲ್ಲಿ ಮನೆಮದ್ದನ್ನು ನಂಬಿ ಲಸಿಕೆಯನ್ನು ಬಿಡುವುದು ನಮಗೆ ಒಪ್ಪಿಗೆಯಿಲ್ಲ.

‘ಹಾಗಾದರೆ ಜಾತ್ರೆಗೆ ಲಕ್ಷಾಂತರ ಜನ ಸೇರುವುದಿಲ್ಲವೇ, ಅಲ್ಲಿಗೆ ಹೋಗಬೇಡಿ ಎಂದು ನೀವು ಬರೆಯುವುದಿಲ್ಲವಲ್ಲ’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೂಸಿನ ವಿಚಾರದಲ್ಲಿ, ತುಂಬಿದ ಬಸುರಿಯ ವಿಚಾರದಲ್ಲಿ ನಾವು ರಥೋತ್ಸವದ ನೂಕುನುಗ್ಗಲಿಗೂ ಇದೇ ಮಾತು ಹೇಳುತ್ತೇವೆ. ತೇರು ಎಳೆಯುವ ಹೊತ್ತಿನಲ್ಲಿ ಅವರು ದೂರದಿಂದಲೇ ಕೈಮುಗಿದರೆ ಸಾಕು. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಜಾತ್ರೆಯಲ್ಲಿ ಬಳಲಿದವನು ಮರದ ಕೆಳಗೆ ಮೈಚಾಚಬಹುದು, ದಾಸೋಹದ ಮನೆಯಲ್ಲಿ ಬಿಸಿ ಪ್ರಸಾದ ಸಿಗುತ್ತದೆ, ಸಾಕೆನಿಸಿದಾಗ ಊರಿನ ಬಸ್ಸು ಹತ್ತಬಹುದು. ಇಲ್ಲಿಯಾದರೆ ಟಿಕೇಟಿನ ಹಣವೇ ಕಾಲಿಗೆ ಕಟ್ಟಿದ ಗುಂಡು. ಐದಾರು ಮಂದಿಯ ಕುಟುಂಬ ಸಾವಿರಾರು ರೂಪಾಯಿ ತೆತ್ತು ಒಳಬಂದಿದೆ. ರಜೆಯ ದಿನಗಳಲ್ಲಿ ದರ ಇನ್ನೂ ಹೆಚ್ಚು. ಮಗುವಿನ ಮೈ ಬೆಚ್ಚಗಾದರೂ, ಅಜ್ಜಿಯ ಕಾಲು ಊದಿಕೊಂಡರೂ ‘ಕೊಟ್ಟ ದುಡ್ಡು ವ್ಯರ್ಥವಾಗಬಾರದು’ ಎಂಬ ಹಟ ಎಲ್ಲರನ್ನೂ ಸಂಜೆಯವರೆಗೆ ಹಿಡಿದಿಡುತ್ತದೆ. ಮನೆಗೆ ಮರಳುವ ತೀರ್ಮಾನವನ್ನು ದೇಹದ ಕೈಯಿಂದ ಕಿತ್ತು ರಶೀದಿಯ ಕೈಗೆ ಕೊಟ್ಟಂತೆ.

ಚರಕರ ಅದೇ ಅಧ್ಯಾಯದಲ್ಲಿ ತಡೆಯಲೇಬೇಕಾದ ವೇಗಗಳ ಪಟ್ಟಿಯೊಂದೂ ಇದೆಯೆಂಬುದನ್ನು ಬಹಳ ಜನ ಮರೆಯುತ್ತಾರೆ. ಲೋಭ, ಕ್ರೋಧ, ಈರ್ಷ್ಯೆ, ಅತಿಯಾದ ಆಸೆ ಅದರಲ್ಲಿ ಸೇರಿವೆ. ಶಕ್ತಿಮೀರಿದ ಸಾಹಸವೂ ಸೇರಿದೆ. ಪಕ್ಕದ ಮನೆಯವರು ಕ್ರಿಸ್‌ಮಸ್ ದಿನವೇ ಹೋಗಿ ಚಿತ್ರಗಳನ್ನು ವಾಟ್ಸಾಪಿನಲ್ಲಿ ಹಾಕಿದರು, ನಾವೂ ಅದೇ ವಾರ ಹೋಗಬೇಕೆಂಬ ತುಡಿತ ಯಾವ ಪಟ್ಟಿಗೆ ಸೇರಿದ್ದೆಂದು ಓದುಗರೇ ನಿರ್ಧರಿಸಲಿ.

ನಮ್ಮ ಅಭಿಪ್ರಾಯವನ್ನು ಈಗ ನೇರವಾಗಿಯೇ ಹೇಳುತ್ತೇವೆ. ಮಕ್ಕಳ ಆಸೆಯನ್ನು ಮುರಿಯಬೇಕಾಗಿಲ್ಲ, ದಿನವನ್ನು ಬದಲಿಸಬೇಕು. ಜನವರಿಯಲ್ಲಿ ಸಂಕ್ರಾಂತಿ ಕಳೆದ ಮೇಲೆ ಮಂಗಳವಾರವೋ ಬುಧವಾರವೋ ಒಂದು ದಿನ ಶಾಲೆಗೆ ರಜೆಯ ಅರ್ಜಿ ಕೊಟ್ಟು ಹೋಗಿಬಂದರೆ ನಾಲ್ಕೂವರೆ ಗಂಟೆಯ ನಿಲುವು ಒಂದು ಗಂಟೆಗೆ ಇಳಿದೀತು. ಒಂದು ದಿನದ ಪಾಠ ತಪ್ಪುವುದಕ್ಕಿಂತ ಒಂದು ವಾರದ ಜ್ವರ ತಪ್ಪುವುದು ಮೇಲು. ಶಿಕ್ಷಕರಾದ ಭಕ್ತರು ನಮ್ಮ ಮೇಲೆ ಮುನಿಯಬಾರದು. ತಂದೆತಾಯಿಗಳಿಗೆ ಬೇರೆ ದಿನ ರಜೆ ಸಿಗುವುದೇ ಇಲ್ಲವೆಂದಾದರೆ, ಅಂಥ ಕುಟುಂಬಗಳು ಅನೇಕವಿವೆಯೆಂದು ನಾವು ಬಲ್ಲೆವು, ಆಗ ಕುಟುಂಬವನ್ನು ಎರಡು ತಂಡ ಮಾಡುವುದು ಲೇಸು. ಎಂಟರಿಂದ ಹದಿನೈದು ವರ್ಷದ ಗಟ್ಟಿಮುಟ್ಟಾದ ಮಕ್ಕಳು ತಂದೆಯೊಡನೆಯೋ ತಾಯಿಯೊಡನೆಯೋ ಹೋಗಲಿ. ಕೂಸು, ಬಾಣಂತಿ, ಗರ್ಭಿಣಿ, ಹೃದಯದ ಅಥವಾ ಮೂತ್ರಪಿಂಡದ ತೊಂದರೆಯುಳ್ಳ ಹಿರಿಯರು ಆ ವಾರ ಅಲ್ಲಿಗೆ ಬೇಡ. ಹಾಗೆಂದು ಅವರು ಮನೆಯಲ್ಲೇ ಕೂರಬೇಕೆಂದಿಲ್ಲ. ಅದೇ ದಾರಿಯಲ್ಲಿ ಮುಂದೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಒಕ್ಕಲುತನದ ಹಳೆಯ ಉಪಕರಣಗಳು, ಅಡುಗೆಮನೆಯ ಪಾತ್ರೆಗಳು, ತೊಗಲುಗೊಂಬೆಗಳು ಅಲ್ಲಿವೆ. ತಾವು ಬಾಲ್ಯದಲ್ಲಿ ಬಳಸಿದ ಕೊಳಗ, ಸೇರು, ರಾಗಿಕಲ್ಲುಗಳ ಮುಂದೆ ನಿಂತು ಕಥೆ ಹೇಳುವ ಅಜ್ಜಿಗೆ ಅದಕ್ಕಿಂತ ಹಿತವಾದ ಹಗಲು ಬೇರೆ ಸಿಗಲಾರದು.

ಹೋಗಲೇಬೇಕೆಂದು ಗಟ್ಟಿ ಮಾಡಿಕೊಂಡವರು ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಲಿ. ಬೆಳಗ್ಗೆ ಬಿಸಿ ಊಟ ಮಾಡಿ, ಹಸಿವಾದೊಡನೆ ಆಟ ಬಿಟ್ಟು ಊಟಕ್ಕೆ ಹೋಗಲಿ. ಸಾಲು ಸೇರುವ ಮುನ್ನ ಪ್ರತಿಸಲವೂ ಶೌಚಾಲಯಕ್ಕೆ ಹೋಗಿಬರುವ ನಿಯಮವನ್ನು ಮನೆಯವರೆಲ್ಲ ಪಾಲಿಸಲಿ. ದಿನನಿತ್ಯದ ಮಾತ್ರೆಗಳನ್ನು, ಮುಖ್ಯವಾಗಿ ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನು, ‘ಇವತ್ತೊಂದು ದಿನ ಬೇಡ’ ಎಂದು ತಾವಾಗಿಯೇ ಬಿಡಬಾರದು. ಹೊತ್ತು ಬದಲಿಸಬಹುದೇ ಎಂದು ತಮ್ಮ ವೈದ್ಯರನ್ನು ಮೊದಲೇ ಕೇಳಲಿ. ಮನೆಯಿಂದ ಹೊರಡುವಾಗಲೇ ಎಲ್ಲರೆದುರು ಒಂದು ಮಾತು ಆಗಬೇಕು: ಯಾರಾದರೂ ಒಬ್ಬರು ‘ಸಾಕು’ ಎಂದರೆ, ಆಟ ಎಷ್ಟೇ ಉಳಿದಿರಲಿ, ಒಬ್ಬರು ದೊಡ್ಡವರು ಅವರನ್ನು ಕರೆದುಕೊಂಡು ಹೊರಗೆ ಬರತಕ್ಕದ್ದು. ಆ ದೊಡ್ಡವರು ಯಾರೆಂಬುದನ್ನೂ ಅಲ್ಲಿಯೇ ಗೊತ್ತುಮಾಡಿಕೊಳ್ಳಿ. ಬಿಟ್ಟುಬಿಟ್ಟರೆ ಆ ಕೆಲಸ ಬಹುಮಟ್ಟಿಗೆ ತಾಯಿಯ ಪಾಲಿಗೇ ಬರುತ್ತದೆ.